ಹಳೆಯ ಬಟ್ಟೆಯ ಮೊದಲ ಕೌದಿ: ಯಾವ ರಾಶಿಗೆ ಯಾವ ವಿನ್ಯಾಸ?

ಬೀರುವಿನ ಕೆಳಗಿನ ಅರೆಯಲ್ಲಿ ಅಮ್ಮನ ನೂಲಿನ ಸೀರೆ, ಅಪ್ಪನ ಪಂಚೆ, ಕಾಲರ್ ಹರಿದ ಅಂಗಿ, ಮಕ್ಕಳಿಗೆ ಚಿಕ್ಕದಾದ ಫ್ರಾಕು ಎಲ್ಲ ಸೇರಿಕೊಂಡಿರುತ್ತವೆ. ಉಡಲು ಬರುವುದಿಲ್ಲ, ಎಸೆಯಲು ಮನಸ್ಸಾಗುವುದಿಲ್ಲ. ಇವನ್ನೆಲ್ಲ ಸೇರಿಸಿ ಕೌದಿ ಹೊಲಿಯೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಮೊಬೈಲಿನಲ್ಲಿ ಚಿತ್ರ ಹುಡುಕುತ್ತಾರೆ. ಅಲ್ಲಿ ಸಿಗುವ ನಕ್ಷತ್ರ, ಷಟ್ಕೋನ, ಬಳೆಬಳೆಯಾಗಿ ಹೆಣೆದ ವೃತ್ತ ಮುಂತಾದ ವಿನ್ಯಾಸಗಳು ಬಹುಪಾಲು ಅಂಗಡಿಯಿಂದ ತಂದ ಹೊಸ ಬಟ್ಟೆಗೆ ಹೇಳಿಮಾಡಿಸಿದವು. ಆ ಬಟ್ಟೆಗಳ ದಪ್ಪ ಒಂದೇ, ನೇಯ್ಗೆ ಒಂದೇ, ಅಂಚು ನೇರ. ಉಟ್ಟು ಒಗೆದು ಸವೆದ ಬಟ್ಟೆ ಹಾಗಿರುವುದಿಲ್ಲ. ಒಂದು ಕಡೆ ತೆಳು, ಇನ್ನೊಂದು ಕಡೆ ಗಟ್ಟಿ. ಒಂದು ಜಗ್ಗುತ್ತದೆ, ಮತ್ತೊಂದು ಜಗ್ಗುವುದಿಲ್ಲ.

ಹಾಗಾಗಿ ವಿನ್ಯಾಸವನ್ನು ಮೊದಲು ಆರಿಸಬೇಡಿ. ರಾಶಿಯನ್ನು ವಿಂಗಡಿಸಿ, ನಿಮ್ಮಲ್ಲಿ ಯಾವ ಬಗೆಯ ಬಟ್ಟೆ ಹೆಚ್ಚಿದೆಯೋ ಅದಕ್ಕೆ ತಕ್ಕ ವಿನ್ಯಾಸ ಹಿಡಿಯಿರಿ. ಮೊದಲ ಕೌದಿ ಅರ್ಧಕ್ಕೆ ನಿಲ್ಲದೆ ಮುಗಿಯಬೇಕಾದರೆ ಇದು ಮುಖ್ಯ.

ರಾಶಿಯ ಪರೀಕ್ಷೆ

ಎಲ್ಲವನ್ನೂ ಒಗೆದು ಒಣಗಿಸಿ. ಕೆಂಪು, ಕಡುನೀಲಿ, ಹಸಿರು ಬಟ್ಟೆಗಳ ಒಂದು ಮೂಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿಯ ಚಿಂದಿಯಿಂದ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದು ಬಿಡುವುದು ನಿಲ್ಲುವವರೆಗೆ ಒಗೆಯಿರಿ, ಇಲ್ಲವೇ ಪಕ್ಕಕ್ಕಿಡಿ. ಬಿಳಿ ಪಂಚೆಯ ಪಕ್ಕದಲ್ಲಿ ಬಣ್ಣ ಬಿಡುವ ತುಂಡು ಸೇರಿದರೆ ಮೊದಲ ಒಗೆತದಲ್ಲೇ ಇಡೀ ಕೆಲಸ ಕೆಡುತ್ತದೆ.

ಆಮೇಲೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿಯಿರಿ. ನೂಲು ಬಿಡಿಬಿಡಿಯಾಗಿ ಕಾಣುವ ಕಡೆ ಬಟ್ಟೆ ಮುಗಿದಿದೆ ಎಂದರ್ಥ. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಜಗ್ಗಿ. ಚರ್ ಎಂದರೆ ಮೇಲ್ಪದರಕ್ಕೆ ಬೇಡ, ಒಳಪದರಕ್ಕೆ ಸಾಕು. ಬಟ್ಟೆ ಸವೆಯುವುದಕ್ಕೂ ಒಂದು ಕ್ರಮವಿದೆ. ಅಂಗಿಯಲ್ಲಿ ಕಾಲರ್, ಕೈತುದಿ, ಮೊಣಕೈ ಮೊದಲು ಹೋಗುತ್ತವೆ, ಬೆನ್ನು ಗಟ್ಟಿಯಾಗಿ ಉಳಿಯುತ್ತದೆ. ಪ್ಯಾಂಟಿನಲ್ಲಿ ಮಂಡಿ ಮತ್ತು ಕೂರುವ ಜಾಗ ಸವೆದರೂ ಮೀನಖಂಡದ ಭಾಗ ಹೊಸದರಂತೆಯೇ ಇರುತ್ತದೆ. ಸೀರೆಯಲ್ಲಿ ನೆರಿಗೆಯ ಕೆಳಅಂಚು ಹರಿಯುತ್ತದೆ. ಸೆರಗು ಮತ್ತು ಒಳಗೆ ಸಿಕ್ಕಿಸುವ ತುದಿ ಬಾಳುತ್ತವೆ.

ಬಟ್ಟೆ ಯಾವುದು ಎಂಬ ಅನುಮಾನ ಬಂದರೆ ಒಂದೆರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿ ಕಾಗದದ ವಾಸನೆ ಬಿಟ್ಟು ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೂದಿಯೂ ಮಣಿಯೂ ಕಂಡರೆ ಅದು ಮಿಶ್ರ ಬಟ್ಟೆ.

ಮೊದಲ ಕೌದಿಗೆ ನೇಯ್ದ ಹತ್ತಿಬಟ್ಟೆ ಮಾತ್ರ ಇರಲಿ ಎಂಬುದು ನನ್ನ ಪಟ್ಟು. ಹತ್ತಿ ಸೂಜಿಗೆ ಸುಲಭವಾಗಿ ದಾರಿ ಕೊಡುತ್ತದೆ, ಉಗುರಿನಿಂದ ಗೀರಿದರೂ ಮಡಿಕೆ ನಿಲ್ಲುತ್ತದೆ, ಮೈಯ ಬೆವರು ಹೀರುತ್ತದೆ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಮಡಚಿದ ಅಂಚು ಬಿಚ್ಚಿಕೊಳ್ಳುತ್ತದೆ, ಇಸ್ತ್ರಿ ಬಿಸಿಯಾದರೆ ಕರಗುತ್ತದೆ. ಈಗ ಹಳ್ಳಿಗಳಲ್ಲಿ ಹೊಲಿಯುವ ಕೌದಿಗಳಲ್ಲೂ ಅಂಥ ಸೀರೆಗಳು ಸೇರುತ್ತವೆ, ನಿಜ. ಪಳಗಿದ ಕೈ ಅವನ್ನು ನಿಭಾಯಿಸುತ್ತದೆ. ಹಳೆಯ ರೇಷ್ಮೆಯನ್ನಂತೂ ಮುಟ್ಟಬೇಡಿ. ಜರಿಯ ಪಕ್ಕದಲ್ಲಿ ಅದು ತಾನಾಗಿಯೇ ಸೀಳುತ್ತದೆ, ಜರಿ ಮೈಗೆ ಚುಚ್ಚುತ್ತದೆ. ಟೀ ಶರ್ಟ್ ಹತ್ತಿಯದೇ ಆದರೂ ಹೆಣೆದ ಬಟ್ಟೆ, ನೇಯ್ದದ್ದಲ್ಲ. ಎಳೆದ ಕಡೆಗೆಲ್ಲ ಹಿಗ್ಗುತ್ತದೆ. ಹಿಂಭಾಗಕ್ಕೆ ಇಸ್ತ್ರಿಯಿಂದ ಅಂಟುವ ತೆಳು ಕ್ಯಾನ್ವಾಸ್ ಹಾಕದೆ ಅದನ್ನು ಚೌಕವಾಗಿ ಕತ್ತರಿಸಿದರೆ ಚೌಕ ಉಳಿಯುವುದಿಲ್ಲ.

ಸೀರೆ ಪಂಚೆಗಳೇ ಹೆಚ್ಚಿದ್ದರೆ: ಪದರದ ಕೌದಿ

ಎಲ್ಲಕ್ಕಿಂತ ಸರಳವಾದದ್ದು ಇದೇ. ಬಟ್ಟೆಯನ್ನು ಕತ್ತರಿಸದೆ ಪದರ ಪದರವಾಗಿ ಹಾಸಿ, ಉದ್ದಕ್ಕೂ ಸಾಲು ಸಾಲಾಗಿ ಓಡುಹೊಲಿಗೆ, ಅಂದರೆ ಸೂಜಿಯನ್ನು ಮೇಲೆ ಕೆಳಗೆ ದಾಟಿಸುತ್ತ ಹೋಗುವ ನೇರ ಹೊಲಿಗೆ, ಹಾಕುವುದು. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ನಮ್ಮ ಉತ್ತರ ಕರ್ನಾಟಕದ ಕೌದಿ ಎಲ್ಲಕ್ಕೂ ಮೂಲ ಈ ಪದರದ ಉಪಾಯವೇ.

ಅಳತೆ ನೋಡಿದರೆ ಇದು ಎಷ್ಟು ಜಾಣತನದ ಪದ್ಧತಿ ಎಂಬುದು ತಿಳಿಯುತ್ತದೆ. ಸೀರೆ ಸುಮಾರು ಐದೂವರೆ ಮೀಟರ್ ಉದ್ದ, ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ. ಅದನ್ನು ಮೂರು ಮಡಿಕೆ ಮಾಡಿದರೆ ಆರಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ಒಬ್ಬರು ಮಲಗುವ ಹಾಸಿಗೆಗೆ ಸರಿಯಾದ ಅಳತೆ, ಮೂರು ಪದರ ಆಗಲೇ ಸಿದ್ಧ. ನಾಲ್ಕು ಗಜದ ಪಂಚೆಯನ್ನು ಎರಡು ಮಡಿಕೆ ಮಾಡಿದರೂ ಅದೇ ಆರಡಿ. ಸೀರೆಯ ಮಡಿಕೆಗಳ ನಡುವೆ ಪಂಚೆಯನ್ನು ಸೇರಿಸಿದರೆ ಐದು ಪದರದ ಕೌದಿ. ಕತ್ತರಿ ಬೇಕಾಗಿಲ್ಲ, ಮಡಿಕೆ ಬಂದ ಕಡೆ ಅಂಚು ಕಟ್ಟುವ ಕೆಲಸವೂ ಇಲ್ಲ. ಸೆರಗು ಮೇಲ್ಮುಖವಾಗಿ ಬರುವಂತೆ ಹಾಸಿದರೆ ವಿನ್ಯಾಸ ತಾನೇ ಒದಗುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗನ್ನು ಕಾಲಿನ ಬದಿಗೆ ಬಿಟ್ಟರೆ ಅದಕ್ಕಿಂತ ಚೆಂದದ ಅಂಚುಪಟ್ಟಿ ಬೇರೆ ಬೇಕಿಲ್ಲ. ರೇಷ್ಮೆ ಬೇಡ ಎಂದ ಮಾತಿಗೆ ಇದೊಂದು ವಿನಾಯಿತಿ: ಸೆರಗು ರೇಷ್ಮೆಯದಾಗಿದ್ದರೆ ಅದು ಇನ್ನೂ ಗಟ್ಟಿಯಾಗಿದೆಯೇ ಎಂದು ಮಾತ್ರ ಜಗ್ಗಿ ನೋಡಿಕೊಳ್ಳಿ.

ಕಷ್ಟವಿರುವುದು ತಾಳ್ಮೆಯಲ್ಲಿ. ಒಂದು ಇಂಚಿಗೊಂದು ಸಾಲಿನಂತೆ ಲೆಕ್ಕ ಹಾಕಿದರೆ ಆರಡಿಯ 45 ಸಾಲು, ಅಂದರೆ ಸುಮಾರು 80 ಮೀಟರ್ ಹೊಲಿಗೆ. ಸಾಲುಗಳನ್ನು ಅರ್ಧ ಇಂಚಿಗೆ ಇಳಿಸಿದರೆ ದುಪ್ಪಟ್ಟು. ಆದರೆ ಇದರಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಸಾಲು ತುಸು ಓರೆಯಾದರೂ ಕಣ್ಣು ಒಪ್ಪುತ್ತದೆ, ಟಾಕು ಹೆಚ್ಚು ಕಡಿಮೆಯಾದರೂ ಕೌದಿ ಗಟ್ಟಿಯಾಗಿಯೇ ಇರುತ್ತದೆ. ಸೂಜಿ ಹಿಡಿದು ಗುಂಡಿ ಮಾತ್ರ ಹೊಲಿದು ಗೊತ್ತಿರುವವರಿಗೆ ನಾನು ಹೇಳುವುದು ಇದನ್ನೇ.

ಚಿಕ್ಕಪುಟ್ಟ ತುಂಡುಗಳೇ ಹೆಚ್ಚಿದ್ದರೆ: ಸಿದ್ದಿಯರ ಕೌದಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಕಾಡಂಚಿನ ಊರುಗಳಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ಕವಂದಿ ಎಂದೂ ಕರೆಯುತ್ತಾರೆ. ಆಫ್ರಿಕಾದಿಂದ ಬಂದವರ ಪೀಳಿಗೆಯವರಾದ ಇವರ ಈ ಕಲೆ ಈಗ ಹೊರದೇಶದ ಸಂಗ್ರಹಾಲಯಗಳಿಗೂ ತಲುಪಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅದನ್ನು ವರ್ಷಗಟ್ಟಲೆ ದಾಖಲಿಸಿದ್ದಾರೆ. ಹೊಸಬರಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಂಡಿಲ್ಲ. ಕಾರಣ ಅದರ ಕಟ್ಟುವ ಕ್ರಮದಲ್ಲಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬೇರೆ ಕಡೆಯ ತುಂಡುಕೌದಿಗಳಲ್ಲಿ ಮೊದಲು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮೇಲ್ಪದರ ಮಾಡುತ್ತಾರೆ. ಆಮೇಲೆ ಒಳಪದರ, ಅಸ್ತರಿ (ಹಿಂಬದಿಯ ಬಟ್ಟೆ) ಸೇರಿಸಿ ಮತ್ತೆ ಹೊಲಿಯುತ್ತಾರೆ. ಕೊನೆಗೆ ಸುತ್ತ ಅಂಚು ಕಟ್ಟುತ್ತಾರೆ. ಸಿದ್ದಿಯರ ಕ್ರಮದಲ್ಲಿ ಈ ಮೂರೂ ಒಟ್ಟಿಗೆ ನಡೆಯುತ್ತವೆ. ನೆಲದ ಮೇಲೆ ಸೀರೆಯ ಅಸ್ತರಿ ಹಾಸುತ್ತಾರೆ. ಒಂದು ಮೂಲೆಯಲ್ಲಿ ಮೊದಲ ತುಂಡನ್ನಿಟ್ಟು, ಅದರ ಅಂಚನ್ನು ಒಳಕ್ಕೆ ಮಡಚಿ, ಅಸ್ತರಿಯ ಸಮೇತ ಓಡುಹೊಲಿಗೆ ಹಾಕುತ್ತಾರೆ. ಮುಂದಿನ ತುಂಡು ಮೊದಲನೆಯದರ ಮಡಚದೆ ಬಿಟ್ಟ ಹಸಿ ಅಂಚನ್ನು ಮುಚ್ಚುತ್ತದೆ. ಹೀಗೆ ಅಂಚಿನ ಸುತ್ತ ಒಂದು ಸುತ್ತು, ಅದರ ಒಳಗೆ ಇನ್ನೊಂದು ಸುತ್ತು, ಕೊನೆಗೆ ನಡುವಿನ ಜಾಗ ಮುಚ್ಚುತ್ತದೆ. ತುಂಡನ್ನು ಹಿಡಿದಿರುವ ಹೊಲಿಗೆಯೇ ಪದರಗಳನ್ನೂ ಹಿಡಿದಿರುತ್ತದೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಚಿ ಮಾಡಿದ ಪುಟ್ಟ ತ್ರಿಕೋನದ ‘ಫುಲ’ ಹಚ್ಚುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಇದರಿಂದ ಹೊಸಬರಿಗೆ ಆಗುವ ಲಾಭ ದೊಡ್ಡದು. ತುಂಡುಗಳು ಒಂದೇ ಅಳತೆಯವಾಗಬೇಕಿಲ್ಲ. ಅಂಗಿಯ ತೋಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅದನ್ನು ಹಾಗೆಯೇ ಇಡಬಹುದು. ಫ್ರಾಕಿನ ಜೇಬನ್ನು ಜೇಬಾಗಿಯೇ ಬಿಡಬಹುದು. ಮೂಲೆಗೆ ಮೂಲೆ ಕೂಡಬೇಕೆಂಬ ಆತಂಕವಿಲ್ಲ. ಬಣ್ಣ ತೀರಿಹೋದರೆ ಮುಂದಿನ ಸುತ್ತಿಗೆ ಬೇರೆ ಬಣ್ಣ. ವಿನ್ಯಾಸವನ್ನು ಕಾಗದದ ಮೇಲೆ ಬರೆದು ತೀರ್ಮಾನಿಸಿಕೊಳ್ಳಬೇಕಿಲ್ಲ, ಒಂದು ತುಂಡು ಇಟ್ಟ ಮೇಲೆ ಪಕ್ಕದ್ದು ಯಾವುದು ಎಂದು ನೋಡುತ್ತ ಹೋಗಬಹುದು.

ಎರಡು ಕಡೆ ಎಚ್ಚರ ಬೇಕು. ಹೊರಗಿನಿಂದ ಒಳಕ್ಕೆ ಬರುವುದರಿಂದ ಸಡಿಲವಾದ ಬಟ್ಟೆಯೆಲ್ಲ ನಡುವಿಗೆ ಸೇರಿ ಉಬ್ಬುತ್ತದೆ. ಪ್ರತಿ ಸುತ್ತು ಮುಗಿದಾಗ ಕೌದಿಯನ್ನು ನೆಲಕ್ಕೆ ಹಾಸಿ ಅಂಗೈಯಿಂದ ನೀವಿ, ಹಿಂಬದಿಯನ್ನು ತಿರುಗಿಸಿ ನೋಡಿ. ಅಸ್ತರಿ ನೆರಿಗೆ ಹಿಡಿದಿದ್ದರೆ ಆ ಸಾಲನ್ನು ಅಲ್ಲಿಯೇ ಬಿಚ್ಚಿ. ಇನ್ನೊಂದು, ಬಟ್ಟೆಯ ದಪ್ಪ. ಜೀನ್ಸ್ ತುಂಡಿನ ಪಕ್ಕದಲ್ಲಿ ಮಲ್ಮಲ್ ತುಂಡು ಇಟ್ಟರೆ ದಪ್ಪದ್ದು ತೆಳುವನ್ನು ಹರಿಯುತ್ತದೆ. ಅಳತೆ ಏನೇ ಇರಲಿ, ದಪ್ಪ ಮಾತ್ರ ಹತ್ತಿರ ಹತ್ತಿರ ಇರಬೇಕು.

ಅಂಗಿಗಳೇ ಹೆಚ್ಚಿದ್ದು ಯಂತ್ರವೂ ಇದ್ದರೆ: ಚೌಕದ ಕೌದಿ

ಚೌಕುಳಿ ಅಂಗಿ, ಗೆರೆ ಅಂಗಿ, ಶಾಲೆಯ ಸಮವಸ್ತ್ರದ ಅಂಗಿ: ಇವುಗಳ ದಪ್ಪ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಹಳೆಯ ಬಟ್ಟೆಗಳಲ್ಲಿ ಚೌಕದ ಕೌದಿಗೆ ಒಗ್ಗುವುದು ಅಂಗಿ ಮಾತ್ರ. ಆರೂವರೆ ಇಂಚಿನ ಚೌಕಗಳನ್ನು ಕತ್ತರಿಸಿ, ಕಾಲು ಇಂಚು ಒಳಕ್ಕೆ ಹೊಲಿದರೆ ಆರಿಂಚಿನ ಚೌಕ ಉಳಿಯುತ್ತದೆ. ಮೂರಡಿಗೆ ನಾಲ್ಕಡಿಯ ಪುಟ್ಟ ಕೌದಿಗೆ 48 ಚೌಕ ಬೇಕು. ದೊಡ್ಡವರ ಒಂದು ಪೂರ್ಣ ತೋಳಿನ ಅಂಗಿಯಲ್ಲಿ ಬೆನ್ನಿನಿಂದ ಹನ್ನೆರಡರಷ್ಟು, ಮುಂಭಾಗದ ಎರಡು ಬದಿಗಳಿಂದ ಆರು, ತೋಳುಗಳಿಂದ ಇನ್ನೂ ಕೆಲವು ಸಿಗುತ್ತವೆ. ಮೂರು ಅಂಗಿ ಸಾಕಾಗುತ್ತದೆ, ನಾಲ್ಕಿದ್ದರೆ ಆಯ್ಕೆಗೆ ಅವಕಾಶ.

ನೋಡಲು ಸುಲಭವೆನಿಸುವ ಈ ವಿನ್ಯಾಸ ಹೊಸಬರನ್ನು ಹೆಚ್ಚು ಸತಾಯಿಸುತ್ತದೆ. ಎಂಟು ಚೌಕದ ಒಂದು ಸಾಲಿನಲ್ಲಿ ಏಳು ಜೋಡಣೆ. ಕಾಲು ಇಂಚಿನ ಬದಲು ಒಂದು ಕೂದಲೆಳೆ, ಅಂದರೆ ಇಂಚಿನ ಹದಿನಾರನೇ ಒಂದು ಪಾಲು, ಹೆಚ್ಚು ಒಳಕ್ಕೆ ಹೊಲಿದರೂ ಪ್ರತಿ ಜೋಡಣೆಯಲ್ಲಿ ಎರಡೂ ಕಡೆಯಿಂದ ಸೇರಿ ಇಂಚಿನ ಎಂಟನೇ ಒಂದು ಪಾಲು ಕಡಿಮೆಯಾಗುತ್ತದೆ. ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಮುಕ್ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ. ಪಕ್ಕದ ಸಾಲು ಸರಿಯಾಗಿದ್ದರೆ ಎರಡೂ ಕೂಡುವುದಿಲ್ಲ. ಹೊಸ ಬಟ್ಟೆಯಲ್ಲೇ ಹೀಗಾದರೆ, ಸವೆದು ಮೆತ್ತಗಾದ ಬಟ್ಟೆ ಯಂತ್ರದ ಹಲ್ಲಿಗೆ ಸಿಕ್ಕಿ ಹಿಗ್ಗುವುದೂ ಇದಕ್ಕೆ ಸೇರುತ್ತದೆ.

ಇದಕ್ಕೆ ನಮ್ಮ ಮನೆಗಳಲ್ಲಿ ಮದ್ದಿದೆ: ಅನ್ನದ ಗಂಜಿ. ಅಂಗಿಗಳನ್ನು ಬಿಚ್ಚಿ, ತೆಳು ಗಂಜಿಯಲ್ಲಿ ಅದ್ದಿ ಒಣಗಿಸಿ, ನೀರು ಚಿಮುಕಿಸಿ ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಬಟ್ಟೆ ಕಾಗದದಂತೆ ನಿಲ್ಲುತ್ತದೆ, ಕೌದಿ ಮುಗಿದ ಮೇಲೆ ಒಗೆದರೆ ಗಂಜಿ ಹೋಗುತ್ತದೆ. ಚೌಕದ ಅಂಚು ನೂಲಿನ ದಿಕ್ಕಿಗೇ ಇರಬೇಕು; ಓರೆಯಾಗಿ ಕತ್ತರಿಸಿದ ಅಂಚು ಜಗ್ಗುತ್ತದೆ. ರಟ್ಟಿನ ಚೌಕವೊಂದನ್ನು ಮಾಡಿಕೊಂಡು ಎಲ್ಲವನ್ನೂ ಅದರಿಂದಲೇ ಗುರುತು ಹಾಕಿ.

ಜೀನ್ಸ್ ಮಾತ್ರ ಇದ್ದರೆ

ಜೀನ್ಸ್ ಅನ್ನು ಬೇರೆ ಬಟ್ಟೆಯೊಂದಿಗೆ ಬೆರೆಸದೆ ಅದರದ್ದೇ ಒಂದು ಹಾಸು ಮಾಡಿ. ಅಮೆರಿಕದ ಅಲಬಾಮ ರಾಜ್ಯದಲ್ಲಿ, ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡು ಜಗತ್ತಿಗೆ ಪರಿಚಯವಾದವು. ಅಲ್ಲಿನ ಮಿಸೌರಿ ಪೆಟ್ವೇ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಜೋಡಿಸಿ 1942ರಲ್ಲಿ ಕೌದಿ ಮಾಡಿಕೊಂಡಿದ್ದರು. ಆ ಊರಿನ ಕೌದಿಗಳಿಂದ ಕಲಿಯಬೇಕಾದ ಒಂದು ಸಂಗತಿ: ಉದ್ದ ಪಟ್ಟಿಗಳು. ಪ್ಯಾಂಟಿನ ಕಾಲನ್ನು ಬಿಚ್ಚಿದರೆ ಸಿಗುವ ಪಟ್ಟಿಯನ್ನು ಚೂರು ಮಾಡದೆ ಉದ್ದಕ್ಕೇ ಜೋಡಿಸಿ. ಜೇಬು ಕಿತ್ತ ಜಾಗದಲ್ಲಿ ಉಳಿದ ಕಡುನೀಲಿಯೇ ಅಲಂಕಾರ. ಹೊಲಿಯಲು ಯಂತ್ರ ಬೇಕು, 16ನೇ ನಂಬರಿನ ಸೂಜಿ ಬೇಕು. ಒಳಪದರ ಬೇಡವೇ ಬೇಡ. ಹಿಂದೆ ಒಂದು ಹಳೆಯ ಬೆಡ್‌ಶೀಟ್ ಸಾಕು. ಪದರಗಳನ್ನು ಅಂಗೈ ಅಗಲಕ್ಕೊಂದರಂತೆ ದಪ್ಪ ದಾರದ ಗಂಟು ಹಾಕಿ ಹಿಡಿಸಿದರೆ ಆಯಿತು. ತೂಕ ಹೆಚ್ಚಾಗುವುದರಿಂದ ಹೊದೆಯುವುದಕ್ಕಿಂತ ಜಗುಲಿಗೆ, ಕಾರಿನ ಸೀಟಿಗೆ, ಹುಲ್ಲಿನ ಮೇಲೆ ಕೂರಲು ಇದು ಚೆನ್ನ.

ಹಾಗಾದರೆ ಯಾವುದು?

ಸೂಜಿ ಹೊಸದು, ಯಂತ್ರವಿಲ್ಲ, ಸೀರೆ ಇದೆ ಎಂದರೆ ಪದರದ ಕೌದಿ. ಓಡುಹೊಲಿಗೆ ಗೊತ್ತಿದೆ, ಮನೆಯಲ್ಲಿ ನಾನಾ ಬಗೆಯ ಹತ್ತಿಯ ತುಂಡುಗಳಿವೆ ಎಂದರೆ ಸಿದ್ದಿ ಕ್ರಮ. ನೇರ ಹೊಲಿಗೆಯಲ್ಲಿ ಕೈ ಪಳಗಿದ್ದು, ಒಂದೇ ದಪ್ಪದ ಅಂಗಿಗಳಿದ್ದರೆ ಮಾತ್ರ ಚೌಕ. ಚೌಕದ ಮೇಲೆ ಆಸೆಯಿದ್ದೂ ಅನುಭವವಿಲ್ಲದಿದ್ದರೆ ಸೀರೆಯ ಅಸ್ತರಿಯ ಮೇಲೆ ದೊಡ್ಡ ಚೌಕಗಳನ್ನು ಸಿದ್ದಿ ಕ್ರಮದಲ್ಲಿ ಒಂದರ ಮೇಲೊಂದು ಅಂಚು ಮುಚ್ಚಿಸುತ್ತ ಹೋಗಿ. ಚೌಕದ ಚೆಲುವೂ ಸಿಗುತ್ತದೆ, ಜೋಡಣೆಯ ಕಾಟವೂ ಇರುವುದಿಲ್ಲ.

ತೀರಿಹೋದವರ ಬಟ್ಟೆ, ಮಗುವಿನ ಮೊದಲ ಅಂಗಿಯಂಥವು ರಾಶಿಯಲ್ಲಿದ್ದರೆ ಅವನ್ನು ಮೊದಲ ಕೌದಿಗೆ ಕತ್ತರಿಸಬೇಡಿ. ಕೈ ಪಳಗುವವರೆಗೆ ಮಡಚಿಡಿ. ಅದು ಈಗಲೇ ಆಗಬೇಕೆಂದಿದ್ದರೆ ಬಲ್ಲವರಿಂದ ಹೊಲಿಸಿಕೊಳ್ಳುವುದೂ ಒಳ್ಳೆಯ ಆಯ್ಕೆಯೇ. ಉತ್ತರ ಕರ್ನಾಟಕದ ಊರುಗಳಲ್ಲಿ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಮನೆ ಬಾಗಿಲಿಗೆ ಬಂದು, ನೀವು ಕೊಟ್ಟ ಬಟ್ಟೆಯಿಂದಲೇ ಕೌದಿ ಹೊಲಿದುಕೊಡುತ್ತಾರೆ. ಚೌಕಾಸಿ ಮಾಡದೆ ಕೂಲಿ ಕೊಡಿ. ಆ 80 ಮೀಟರಿನ ಲೆಕ್ಕ ನೆನಪಿರಲಿ. ಅವರ ಪಕ್ಕದಲ್ಲಿ ಕುಳಿತು ಕೈ ಓಡುವ ರೀತಿಯನ್ನು ಒಂದು ಮಧ್ಯಾಹ್ನ ನೋಡಿದರೆ ನಾನು ಇಷ್ಟುದ್ದ ಬರೆದದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಅಳತೆ, ಒಳಪದರ, ದಾರ

ಮೊದಲ ಸಲಕ್ಕೆ ಮೂರಡಿಗೆ ನಾಲ್ಕಡಿ ಸಾಕು. ಕೂಸನ್ನು ನೆಲದ ಮೇಲೆ ಆಡಲು ಬಿಡುವಾಗ ಹಾಸಲು, ಮುಂಜಾನೆ ಕಾಲ ಮೇಲೆ ಹೊದ್ದು ಕೂರಲು ಆಗುತ್ತದೆ. ಒಂದು ಇಂಚಿನ ಸಾಲುಗಳಾದರೆ ಹೊಲಿಗೆ ಸುಮಾರು 44 ಮೀಟರ್.

ಒಳಪದರವನ್ನು ನೀವಿರುವ ಊರಿನ ಹವೆ ನೋಡಿ ನಿರ್ಧರಿಸಿ. ಬೀದರ್, ಬೆಳಗಾವಿಯ ಚಳಿಗೆ ಹಳೆಯ ತೆಳು ಕಂಬಳಿ ಅಥವಾ ಮೂರು ನಾಲ್ಕು ಪದರ ಪಂಚೆ ಹಿತ. ಕರಾವಳಿ, ಮಲೆನಾಡಿನಲ್ಲಿ ದಪ್ಪ ಕೌದಿ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಅಲ್ಲಿ ಒಟ್ಟು ಮೂರು ಪದರ ಮೀರದಿರಲಿ. ಅಂಗಡಿಯ ಪಾಲಿಯೆಸ್ಟರ್ ವ್ಯಾಡಿಂಗ್ (ಒಳಗೆ ತುಂಬುವ ಮೆತ್ತನೆಯ ಹಾಳೆ) ಹಗುರ, ಬೇಗ ಒಣಗುತ್ತದೆ. ಆದರೆ ಕೈಹೊಲಿಗೆಯ ಕೌದಿಗೆ ಅದು ಕೊಡುವ ಉಬ್ಬು ಹಳೆಯ ಹತ್ತಿಯ ಮೆದುವಿಗೆ ಹೊಂದುವುದಿಲ್ಲ ಎಂದೇ ನನ್ನ ಅನಿಸಿಕೆ.

ದಾರ ಹತ್ತಿಯದೇ ಆಗಿರಲಿ. ಗಟ್ಟಿಯಾಗಿರಲಿ ಎಂದು ಪಾಲಿಯೆಸ್ಟರ್ ಅಥವಾ ನೈಲಾನ್ ದಾರ ಹಾಕುವವರಿದ್ದಾರೆ. ಸವೆದ ಬಟ್ಟೆಗಿಂತ ದಾರ ಬಲವಾದರೆ, ಎಳೆತ ಬಿದ್ದಾಗ ದಾರ ತುಂಡಾಗದೆ ಬಟ್ಟೆಯನ್ನೇ ಕೊಯ್ಯುತ್ತದೆ. ತುಂಡಾದ ದಾರವನ್ನು ಮತ್ತೆ ಹಾಕಬಹುದು, ಕೊಯ್ದ ಬಟ್ಟೆಗೆ ತೇಪೆಯೇ ಗತಿ. 8ನೇ ನಂಬರಿನ ಹತ್ತಿಯ ಪರ್ಲ್ ದಾರ, ಅಂದರೆ ಹುರಿಗೊಳಿಸಿದ ಕಸೂತಿ ದಾರ, ಕೈಹೊಲಿಗೆಗೆ ಸರಿಯಾಗುತ್ತದೆ. ದಬ್ಬಣ ಬೇಡ, ತೂತು ಉಳಿಯುತ್ತದೆ. ಉದ್ದ ಕಣ್ಣಿನ ಕಸೂತಿ ಸೂಜಿ ಸಾಕು. ಮಧ್ಯಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂತೆ ಕಾಯುವ ಬೆರಳಟೊಪ್ಪಿ) ಹಾಕಿಕೊಳ್ಳಿ, ಐದು ಪದರ ದಾಟಿಸುವಾಗ ಅದಿಲ್ಲದೆ ಬೆರಳು ಉಳಿಯುವುದಿಲ್ಲ.

ಬಣ್ಣ ಜೋಡಿಸುವಾಗ

ಹೊಸಬರು ಕೆಂಪಿನ ಪಕ್ಕ ಹಸಿರು ಇಡಬಹುದೇ ಎಂದು ಕೇಳುತ್ತಾರೆ. ಇಳಕಲ್ಲಿನಲ್ಲಿ, ಚೆಂಡುಹೂವಿನ ತೋರಣದಲ್ಲಿ ಎಲ್ಲ ಬಣ್ಣವೂ ಎಲ್ಲದರ ಪಕ್ಕ ಬಂದಿದೆ, ಚೆನ್ನಾಗಿಯೇ ಕಂಡಿದೆ. ನೋಡಬೇಕಾದದ್ದು ತಿಳಿ ಯಾವುದು, ಗಾಢ ಯಾವುದು ಎಂಬುದನ್ನು. ತುಂಡುಗಳನ್ನು ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆಯಿರಿ. ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಂಡರೆ ಕೌದಿ ಮಂಕಾಗುತ್ತದೆ. ಬಿಳಿ ಪಂಚೆಯ ಕೆಲವು ತುಂಡುಗಳನ್ನು ನಡುನಡುವೆ ತನ್ನಿ. ಗಾಢವಾದದ್ದೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಚದುರಿಸಿ, ಅಥವಾ ಧೈರ್ಯವಾಗಿ ಎಲ್ಲವನ್ನೂ ಹೊರ ಅಂಚಿಗೆ ಒಯ್ಯಿರಿ. ಹೂವಿನ ಅಚ್ಚು, ಚೌಕುಳಿ, ಗೆರೆ ಮೂರೂ ಇದ್ದಾಗ ನಡುವೆ ಬರಿಯ ಬಣ್ಣದ ತುಂಡು ಇದ್ದರೆ ಕಣ್ಣಿಗೆ ವಿಶ್ರಾಂತಿ. ಒಂದೇ ಬಟ್ಟೆಯ ತುಂಡನ್ನು ನಾಲ್ಕೂ ಮೂಲೆಗಳಲ್ಲಿ ಇಟ್ಟುಬಿಟ್ಟರೆ ಒಳಗೆ ಎಷ್ಟೇ ಗದ್ದಲವಿದ್ದರೂ ಕೌದಿಗೆ ಒಂದು ಹಿಡಿತ ಬರುತ್ತದೆ. ನಾಲ್ಕು ಮೂಲೆಗಳ ಫುಲಗಳನ್ನು ಒಂದೇ ಬಟ್ಟೆಯಿಂದ ಮಾಡಿದರೂ ಈ ಹಿಡಿತ ಸಿಗುತ್ತದೆ.

ಹೊಲಿಗೆ ಮುಗಿದ ಮೇಲೆ ತಣ್ಣೀರಿನಲ್ಲಿ ಕೈಯಿಂದ ಒಗೆಯಿರಿ, ಹಿಂಡಬೇಡಿ. ಹೆಗಲಿಗೆ ಹಾಕಿಕೊಂಡು ನೀರು ಇಳಿಯಬಿಡಿ. ಒಂದೇ ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ನಡುವಿನ ಹೊಲಿಗೆ ಜಗ್ಗುತ್ತದೆ, ಎರಡು ಹಗ್ಗಗಳ ಮೇಲೆ ಅಗಲಕ್ಕೆ ಹರಡಿ. ಒಣಗಿದ ಮೇಲೆ ಬೆಳಕಿನಲ್ಲಿ ಪ್ರತಿ ಸಾಲನ್ನೂ ನೋಡಿ. ಎಲ್ಲಾದರೂ ಟಾಕು ಬಿಟ್ಟಿದ್ದರೆ ಅದು ಕಾಣಿಸುವುದು ಈ ಮೊದಲ ಒಗೆತದಲ್ಲೇ, ಅದೇ ದಾರದಿಂದ ಆಗಲೇ ಹಾಕಿಬಿಡಿ.